ಎಡಗೈಯ ಬಣ್ಣ

ಲಿಫ್ಟಿನೊಳಗೆ ಎಲ್ಲರೂ ಬಾಗಿಲಿನ ಕಡೆ ಮುಖ ಮಾಡಿ ನಿಂತಿದ್ದರೆ ಅವನೊಬ್ಬ ತನ್ನ ಎರಡು ಕೈಗಳನ್ನು ಹೊಟ್ಟೆಯ ಮುಂದೆ ಜೋಡಿಸಿಕೊಂಡು ನೋಡಿಕೊಳ್ಳುತ್ತಿದ್ದ. ಬಲಗೈ ಬಿಸಿಲಿಗೆ ಬೆಂದು ಕಪ್ಪಾಗಿತ್ತು. ಎಡಗೈ ಮಣಿಕಟ್ಟಿನ ತನಕ ಕಪ್ಪು, ಅಲ್ಲಿಂದ ಮುಂದೆ ಗೆರೆ ಎಳೆದ ಹಾಗೆ ಬಿಳಿಚಿಕೊಂಡಿತ್ತು. ಗಾಲ್ಫ್ ಆಡುವವರು ಎಡಗೈಗೆ ಮಾತ್ರ ಗ್ಲೌಸ್ ಹಾಕುತ್ತಾರೆ. ವಾರವಾರ ಬಿಸಿಲಲ್ಲಿ ಅಲೆದರೆ ಒಬ್ಬನಿಗೇ ಎರಡು ಬಣ್ಣದ ಕೈಗಳಾಗುತ್ತವೆ. ಇದು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ವರ್ಷಗಟ್ಟಲೆ ಉದ್ದ ಮೇಜಿನ ತುದಿಯಲ್ಲಿ ಕೂತು, ಮಾತಾಡಲು ಸರದಿ ಬಾರದೆ, ಎದುರಿಗಿದ್ದವರ ಮುಖ ನೋಡುವ ಧೈರ್ಯವೂ ಸಾಲದೆ ಅವರ ಕೈಗಳನ್ನೇ ನೋಡುತ್ತ ಕಂಡುಕೊಂಡದ್ದು. ಸಾಲ ಕೊಡುವ ಆ ಸಂಸ್ಥೆಯಲ್ಲಿ ಮೇಲೆ ಹೋದವರೆಲ್ಲರ ಎಡಗೈ ಬಲಗೈಗಿಂತ ಬೆಳ್ಳಗಿತ್ತು. ತನ್ನ ವಿಭಾಗದ ಮುಖ್ಯಸ್ಥನ ಕುರ್ಚಿ ಎರಡನೆಯ ಸಲವೂ ಕೈತಪ್ಪಿ ತನಗಿಂತ ಕಿರಿಯನೊಬ್ಬನ ಪಾಲಾದ ದಿನ, ಅಭಿನಂದಿಸಲು ಚಾಚಿದ ತನ್ನ ಕೈಯನ್ನು ಆ ಕಿರಿಯನ ಎರಡು ಕೈಗಳೂ ಸೇರಿ ಹಿಡಿದುಕೊಂಡಿದ್ದವು, ಒಂದು ಕಪ್ಪು ಒಂದು ಬಿಳಿ. ಮರುವಾರವೇ ಅವನು ಗಾಲ್ಫ್ ಕಲಿಸುವವನೊಬ್ಬನನ್ನು ಹುಡುಕಿಕೊಂಡು ಹೋಗಿದ್ದ.

ಕಲಿತದ್ದೇನೋ ಹೌದು. ಆದರೆ ಅವನ ಮೈ ಆಟದ ಮೈಯಲ್ಲ. ಮೊದಲ ತಿಂಗಳುಗಳಲ್ಲಿ ಚೆಂಡಿಗಿಂತ ಮಣ್ಣೇ ಹೆಚ್ಚು ಹಾರುತ್ತಿತ್ತು. "ಅಷ್ಟು ಬಿಗಿ ಹಿಡೀಬೇಡಿ ಸಾರ್, ಮುಚ್ಚಳ ಇಲ್ಲದ ಟೂತ್‌ಪೇಸ್ಟ್ ಟ್ಯೂಬ್ ಹಿಡಿದ ಹಾಗಿರ್ಲಿ. ಒಳಗಿರೋದು ಹೊರಗೆ ಬರಬಾರದು, ಅಷ್ಟೇ," ಎನ್ನುತ್ತಿದ್ದ ಕೋಚ್. ಆಟ ಕೈಗೆ ಹತ್ತದಿದ್ದರೂ ಬಣ್ಣವಾದರೂ ಹತ್ತಲಿ ಎಂದು ರಜೆಯ ಮಧ್ಯಾಹ್ನಗಳಲ್ಲಿ ಎಡಗೈಗೆ ಗ್ಲೌಸ್ ತೊಟ್ಟು ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತದ್ದೂ ಉಂಟು. ಒಣಗಿದ ಬಟ್ಟೆ ತೆಗೆಯಲು ಬಂದ ಹೆಂಡತಿ ಅದನ್ನು ನೋಡಿದಳು. ಅವಳು ನಕ್ಕಿದ್ದರೆ ಚೆನ್ನಾಗಿತ್ತು. ಕುರ್ಚಿಯ ಬೆನ್ನ ಮೇಲಿದ್ದ ಟವೆಲನ್ನು ನಿಧಾನವಾಗಿ ಎಳೆದುಕೊಂಡು, "ತಲೆ ಮೇಲಾದ್ರೂ ಏನಾದ್ರೂ ಹಾಕ್ಕೊಳ್ಳಿ," ಅಂದು ಒಳಗೆ ಹೋದಳು. ಕಾಯಿಲೆಯವರ ಹತ್ತಿರ ಮಾತಾಡುವ ದನಿ ಅದು. ಅಮ್ಮನಿಗಂತೂ ಅದು ಕಾಯಿಲೆಯೇ ಎಂದು ಖಾತ್ರಿಯಾಗಿಬಿಟ್ಟಿತ್ತು. ಊಟಕ್ಕೆ ಕೂತಾಗ ಕಣ್ಣು ಕಿರಿದು ಮಾಡಿಕೊಂಡು ಅವನ ಎಡಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, "ಏನೋ ಇದು, ದಿನೇ ದಿನೇ ಬೆಳ್ಳಗಾಗ್ತಿದೆ? ಡಾಕ್ಟರಿಗೆ ತೋರಿಸೋ. ನಿಮ್ಮ ಚಿಕ್ಕಪ್ಪನಿಗೂ ಹಿಂಗೇ ಶುರುವಾಗಿತ್ತು," ಎಂದು ಬಟ್ಟಲಿನ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವನಿಗೆ ನಾಚಿಕೆಯಾಗುತ್ತಿತ್ತು. ಜೊತೆಗೆ, ಇದನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲ, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಅಮ್ಮನ ಮಂದಗಣ್ಣಿಗೇ ಕಂಡಿತೆಂದ ಮೇಲೆ ಮೇಜಿನಾಚೆ ಕೂತವರಿಗೆ ಕಾಣದಿರುತ್ತದೆಯೆ?

ಲಿಫ್ಟಿನ ಬಾಗಿಲು ತೆರೆಯಿತು. ಅವನು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಶನಿವಾರದ ಮೊದಲು ಅದನ್ನು ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಓಡಾಡುತ್ತಿದ್ದವನು ಈಗ ಬಚ್ಚಿಡುತ್ತಿದ್ದಾನೆಂಬುದು ಅವನಿಗೇ ವಿಚಿತ್ರವೆನ್ನಿಸಿತು. ಹನ್ನೊಂದಕ್ಕೆ ಮೀಟಿಂಗು. ಅಲ್ಲಿ ಎರಡು ವಿಷಯ ತೀರ್ಮಾನವಾಗಬೇಕಿತ್ತು. ಕೋಲ್ಡ್ ಸ್ಟೋರೇಜೊಂದರ ಮಾಲೀಕರಿಗೆ ಸಾಲ ಕೊಡುವುದೋ ಬೇಡವೋ ಎಂಬುದು ಒಂದು. ಮತ್ತೆ ಖಾಲಿಯಾಗಿದ್ದ ಮುಖ್ಯಸ್ಥನ ಕುರ್ಚಿ ಈ ಸಲವಾದರೂ ತನಗೋ ಅಲ್ಲವೋ ಎಂಬುದು ಇನ್ನೊಂದು. ಇವೆರಡೂ ಬೇರೆ ಬೇರೆ ವಿಷಯಗಳೆಂದು ಶನಿವಾರ ಬೆಳಿಗ್ಗೆಯ ತನಕ ಅವನು ನಂಬಿದ್ದ.

ಅವನ ಮೇಜಿನ ಪಕ್ಕದಲ್ಲಿ ಆಗಲೇ ಇನ್ಸ್‌ಪೆಕ್ಟರಮ್ಮ ಬಂದು ಕೂತಿದ್ದಳು. ಅವನ ಕೈಕೆಳಗಿನ ಕಿರಿಯ ಅಧಿಕಾರಿ. ಯಾರಿಗೆ ಸಾಲ ಕೊಡಬೇಕೆಂದರೂ ತಾನೇ ಹೋಗಿ ಕಣ್ಣಾರೆ ನೋಡಿ ಬರುವ ಅವಳ ಚಾಳಿಗೆ ಆಫೀಸಿನವರು ಇಟ್ಟ ಹೆಸರು ಅದು. ಆ ಚಾಳಿ ಹತ್ತಿಸಿದವನು ಅವನೇ. ಅವಳು ಹೊಸದಾಗಿ ಸೇರಿದಾಗ, ತನಗಿನ್ನೂ ಈ ಕೆಲಸದ ಮೇಲೆ ಪ್ರೀತಿ ಇದ್ದ ದಿನಗಳಲ್ಲಿ, "ಅವರು ಕೊಟ್ಟ ಕಾಗದ ಓದ್ಬೇಡ. ಹೋಗು, ಮೆಷಿನ್ನಿನ ಮೇಲೆ ಕೈ ಇಡು. ಬಿಸಿ ಇದ್ರೆ ಓಡ್ತಿದೆ, ಇಲ್ಲಾಂದ್ರೆ ಇಲ್ಲ," ಎಂದಿದ್ದ. ಯಾವತ್ತೋ ಉಡಾಫೆಯಲ್ಲಿ ಆಡಿದ ಮಾತು. ಅವಳು ಅದನ್ನು ಗಂಟು ಹಾಕಿಕೊಂಡುಬಿಟ್ಟಿದ್ದಳು. "ಗುಡ್ ಮಾರ್ನಿಂಗ್ ಸರ್," ಅಂದಳು ಈಗ. "ಇವತ್ತು ಆ ಕೋಲ್ಡ್ ಸ್ಟೋರೇಜಿನವರ ಬಣ್ಣ ಬಯಲಾಗುತ್ತೆ ನೋಡಿ. ನಾನೊಬ್ಬಳೇ ಹೋಗಿದ್ರೆ ಯಾರೂ ನಂಬ್ತಿರ್ಲಿಲ್ಲ. ಪುಣ್ಯಕ್ಕೆ ನೀವೂ ಬಂದಿದ್ರಿ." ಅವನು ಕಂಪ್ಯೂಟರ್ ಆನ್ ಮಾಡುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದ. ವೈರುಗಳ ನಡುವೆ ಧೂಳು, ಒಂದು ಪೆನ್ನಿನ ಮುಚ್ಚಳ, ಅವಳ ಚಪ್ಪಲಿಯ ಸವೆದ ತುದಿ.

ಕಳೆದ ತಿಂಗಳು ಅವರಿಬ್ಬರೂ ಹೋಗಿ ಬಂದದ್ದು ನಿಜ. ಊರ ಹೊರಗಿನ ದೊಡ್ಡ ಕಟ್ಟಡ, ಹೊರಗೆ ಹೊಸ ಬಣ್ಣ. ಮಾಲೀಕರ ಮ್ಯಾನೇಜರು ಸಂಭ್ರಮದಿಂದ ಕರೆದೊಯ್ದು ಒಂದು ದಪ್ಪನೆಯ ಬಾಗಿಲು ತೆರೆದ. ಒಳಗೆ ಕಾಲಿಟ್ಟರೆ ಮುಚ್ಚಿದ ಬಾತ್‌ರೂಮಿನ ಶೆಕೆ. ಕತ್ತಲಲ್ಲಿ ಖಾಲಿ ಕ್ರೇಟುಗಳು ಛಾವಣಿಯ ತನಕ. ಬಾಗಿಲಿನ ಅಂಚಿನ ರಬ್ಬರು ಸೀಳಿ ನಾಲಿಗೆಯಂತೆ ಜೋತಿತ್ತು. ಅವನು ಹೇಳಿಕೊಟ್ಟ ಪಾಠದಂತೆ ಇನ್ಸ್‌ಪೆಕ್ಟರಮ್ಮ ಗೋಡೆಯ ಯಂತ್ರದ ಮೇಲೆ ಅಂಗೈ ಇಟ್ಟಳು, ತೆಗೆದಳು, ಧೂಳು ಒರೆಸಿಕೊಂಡಳು. "ಕೋಲ್ಡ್ ಸ್ಟೋರೇಜ್ ಒಳಗೆ ಬೆವರ್ತಿರೋದು ಪ್ರಪಂಚದಲ್ಲಿ ನಾವಿಬ್ಬರೇ ಇರ್ಬೇಕು ಸರ್," ಎಂದು ಕಿವಿಯ ಹತ್ತಿರ ಪಿಸುಗುಟ್ಟಿದಳು. ಅವನಿಗೆ ನಗು ತಡೆಯಲಾಗಲಿಲ್ಲ. ಅವಳ ಹಣೆಯಿಂದ ಇಳಿದ ಬೆವರು ಕನ್ನಡಕವನ್ನೆಲ್ಲ ಒದ್ದೆ ಮಾಡಿತ್ತು. ಅವನು ತನ್ನ ಕರ್ಚೀಫು ತೆಗೆದು ಅವಳಿಗೆ ಕೊಟ್ಟು, ತನ್ನ ಮುಖವನ್ನು ಅವಳಿಗೆ ಕಾಣದಂತೆ ತಿರುಗಿ ಅಂಗಿಯ ತೋಳಿಗೆ ಒರೆಸಿಕೊಂಡ. ಬಹಳ ವರ್ಷಗಳ ಮೇಲೆ ಅವತ್ತು ತನ್ನ ಕೆಲಸ ಮಾನವಂತ ಕೆಲಸ ಅನ್ನಿಸಿತ್ತು. ವಾಪಸು ಬರುವ ದಾರಿಯಲ್ಲಿ ಕಾರಿನ ಕಿಟಕಿ ಇಳಿಸಿ ಸುಮ್ಮನೆ ಏನೋ ಗುನುಗಿಕೊಂಡಿದ್ದ.

ಆಮೇಲೆ, ಮೊನ್ನೆ ಶುಕ್ರವಾರ ಸಂಜೆ, ದೊಡ್ಡವರು ಫೋನ್ ಮಾಡಿದರು. ಸಂಸ್ಥೆಯ ಚುಕ್ಕಾಣಿ ಹಿಡಿದವರು. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ನೀವೂ ಆಡ್ತೀರಂತೆ? ಹೇಳೇ ಇಲ್ಲವಲ್ರೀ! ನಾಳೆ ಬೆಳಿಗ್ಗೆ ಬನ್ನಿ, ಒಬ್ಬರು ಕಮ್ಮಿ ಇದ್ದಾರೆ." ಇದ್ದದ್ದು ಅಗ್ಗದ್ದೆಂದು ಅವನು ಅಂಗಡಿಗೆ ಓಡಿ ಹೊಸ ಗ್ಲೌಸ್ ಕೊಂಡ. ಮನೆಗೆ ಬಂದು ಅದು ಹೊಸದೆಂದು ಕಾಣಬಾರದೆಂದು ನೆಲಕ್ಕೆ ಹಾಕಿ ಚಪ್ಪಲಿ ಕಾಲಲ್ಲಿ ತಿಕ್ಕಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಈ ಸಲ ಆಗುತ್ತೆ ಕಣೇ," ಅಂದ. "ಆಗ್ಲಿ," ಅಂದಳು. ಅವಳಿಗೂ ಸಾಕಾಗಿತ್ತು. ತನ್ನ ತಂಗಿಯ ಗಂಡನ ಪ್ರತಿ ಬಡ್ತಿಗೂ ಸಿಹಿ ತಿಂದು ತಿಂದು ಅವಳ ಬಾಯಿ ಕಹಿಯಾಗಿತ್ತು.

ಶನಿವಾರ ಬೆಳಿಗ್ಗೆ ಹೋದರೆ, ಮೂರನೆಯ ಆಟಗಾರ ಕೋಲ್ಡ್ ಸ್ಟೋರೇಜಿನ ಮಾಲೀಕರು. ಅವರನ್ನು ಹುಲ್ಲಿನ ಅಂಚಿನಲ್ಲಿ ಬಿಳಿ ಟೋಪಿಯಲ್ಲಿ ಕಂಡ ಕ್ಷಣವೇ ಅವನಿಗೆ ಎಲ್ಲವೂ ಅರ್ಥವಾಗಬೇಕಿತ್ತು, ಅರ್ಥವೂ ಆಯಿತು, ಆದರೆ ಅರ್ಥವಾಗದವನಂತೆ ಕೈ ಕುಲುಕಿದ. ಮಾಲೀಕರದ್ದು ಮೆತ್ತಗಿನ ಕೈ, ಒಳ್ಳೆಯ ಮನುಷ್ಯನ ನಗು. ಅವನ ಅಮ್ಮನ ಮಂಡಿನೋವಿನ ಬಗ್ಗೆ ಯಾರಿಂದಲೋ ಕೇಳಿ ತಿಳಿದಿದ್ದು ವಿಚಾರಿಸಿದರು. ಆಟ ಸಾಗಿತು. ಗಾಲ್ಫಿನಲ್ಲಿ ಒಂದು ಮರ್ಯಾದೆಯ ರೂಢಿ ಇದೆ. ಚೆಂಡು ಕುಳಿಯ ತೀರ ಹತ್ತಿರ ಬಂದು ನಿಂತರೆ ಎದುರಾಳಿ ಉದಾರವಾಗಿ "ಎತ್ಕೊಳ್ಳಿ" ಅನ್ನುತ್ತಾನೆ. ಹೊಡೆಯದೆಯೇ ಹೊಡೆದು ಕುಳಿಗೆ ಹಾಕಿದಂತೆ ಲೆಕ್ಕ. ದೊಡ್ಡವರ ಚೆಂಡು ಮಾರುದ್ದ ದೂರವಿದ್ದರೂ ಮಾಲೀಕರು "ಎತ್ಕೊಳ್ಳಿ ಸಾರ್, ಅದೇನು ನೋಡೋದು" ಅನ್ನುತ್ತಿದ್ದರು. ಮಾಲೀಕರದ್ದಕ್ಕೆ ದೊಡ್ಡವರು ಕೈ ಬೀಸುತ್ತಿದ್ದರು. ಅವನ ಚೆಂಡು ಮಾತ್ರ ಗೇಣುದ್ದ ದೂರದಲ್ಲಿದ್ದರೂ ಇಬ್ಬರೂ ಕೋಲು ಊರಿಕೊಂಡು, ಹೊಡೆಯಲಿ ಎಂದು ಸುಮ್ಮನೆ ಕಾಯುತ್ತಿದ್ದರು. ಅವನು ಬಗ್ಗಿ, ಉಸಿರು ಹಿಡಿದು, ಸ್ಕೂಲಿನಲ್ಲಿ ಬೋರ್ಡಿನ ಮುಂದೆ ನಿಂತ ಹುಡುಗನ ಹಾಗೆ ಕುತ್ತಿಗೆ ಬಿಸಿಯಾಗಿ ಹೊಡೆಯುತ್ತಿದ್ದ. ಒಮ್ಮೆ ಆ ಗೇಣುದ್ದವೂ ತಪ್ಪಿತು. ಚೆಂಡು ಕುಳಿಯ ಅಂಚನ್ನು ಒಂದು ಸುತ್ತು ಹಾಕಿ ಆಚೆ ಹೋಗಿ ನಿಂತಿತು. "ಅಯ್ಯೋ ಪಾಪ," ಅಂದರು ಮಾಲೀಕರು. ದೊಡ್ಡವರು ಆಕಾಶ ನೋಡಿದರು.

ಒಂದೇ ಒಂದು ಹೊಡೆತ ಕೂಡಿ ಬಂದಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ, ಈ ಮೇಜಿನ ಕೆಳಗೆ ಬಗ್ಗಿಯೂ, ಮೈ ಜುಮ್ಮೆನ್ನುತ್ತದೆ. ದೂರದ ಮರದ ಸಾಲಿನ ಈಚೆ ನಿಂತು ಕೋಲು ಎತ್ತಿ ಇಳಿಸಿದಾಗ ಏನೂ ತಗುಲಿದಂತೆಯೇ ಆಗಲಿಲ್ಲ. ತಲೆಯೆತ್ತಿದರೆ ಚೆಂಡು ಬೆಳಗಿನ ಬೆಳಕಿನೊಳಗೆ ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹೋಗುತ್ತಿತ್ತು. ಇದು ತಾನು ಮಾಡಿದ್ದೆಂದು ನಂಬಿಕೆ ಬರಲಿಲ್ಲ. ಬಡ್ತಿ, ಕುರ್ಚಿ, ಹೆಂಡತಿಯ ತಂಗಿಯ ಗಂಡ ಎಲ್ಲ ಆ ಒಂದು ಗಳಿಗೆ ತಲೆಯಿಂದ ಇಳಿದುಹೋಗಿದ್ದವು. ಯಾರಿಗಾದರೂ ತೋರಿಸಬೇಕೆಂದು ಹಿಂತಿರುಗಿದ. ದೊಡ್ಡವರೂ ಮಾಲೀಕರೂ ಅವನಿಗೆ ಬೆನ್ನು ಹಾಕಿ, ತಲೆಗೆ ತಲೆ ತಾಗಿಸಿ, ಒಂದು ಫೋನಿನಲ್ಲಿ ಏನನ್ನೋ ನೋಡುತ್ತಿದ್ದರು.

ಮುಂದಿನ ಕುಳಿಯ ಹತ್ತಿರ ದೊಡ್ಡವರು ಕೇಳಿದರು. ಅವನು ಆಗಷ್ಟೇ ತನ್ನ ಚೆಂಡಿನ ಮೇಲೆ ಬಗ್ಗಿದ್ದ. ಗೇಣುದ್ದವಲ್ಲ, ಅದಕ್ಕಿಂತ ಒಳ್ಳೆಯ ದೂರವೇ ಇತ್ತು, ತಪ್ಪುವ ದೂರ. "ಅಲ್ರೀ, ನಿಮ್ಮ ಆ ಹುಡುಗಿ ಏನೋ ಬರೆದಿದ್ದಾಳಂತೆ? ಒಳಗೆ ಶೆಕೆ ಇತ್ತು ಅಂತ?" ಮಾಲೀಕರು ಬಿಳಿ ಟೋಪಿ ತೆಗೆದು ತಲೆ ಸವರಿಕೊಂಡರು. "ನೀವೂ ಹೋಗಿದ್ರಲ್ಲ. ಹೇಗಿತ್ತು?" ದೊಡ್ಡವರು ಕೇಳಿದ ದನಿಯಲ್ಲಿ ಗದರಿಕೆಯಿರಲಿಲ್ಲ, ಒತ್ತಾಯವಿರಲಿಲ್ಲ. ಗದರಿದ್ದರೆ ತಾನು ನಿಜ ಹೇಳುತ್ತಿದ್ದೆನೇನೋ ಎಂದು ಆಮೇಲೆ ಅವನು ಸಮಾಧಾನ ಹೇಳಿಕೊಳ್ಳಲು ನೋಡಿದ, ಆದರೆ ಅದೂ ಸುಳ್ಳು. ಅವನ ಕಣ್ಣೆದುರು ಹುಲ್ಲಿತ್ತು, ಚೆಂಡಿತ್ತು, ಕಪ್ಪು ಕುಳಿಯಿತ್ತು. "ತಣ್ಣಗೇ ಇತ್ತು ಸರ್," ಅಂದ. ನಾಲಿಗೆ ಅಲ್ಲಿಗೇ ನಿಲ್ಲಬಹುದಿತ್ತು, ಯಾರೂ ಇನ್ನೇನೂ ಕೇಳಿರಲಿಲ್ಲ. "ಒಳ್ಳೆ ಹುಡುಗಿ, ಸ್ವಲ್ಪ ಅವಸರ. ಬಾಗಿಲು ತೆಗೆದಿಟ್ಟಿದ್ದಾಗ ನೋಡಿರ್ಬೇಕು." ಮಾಲೀಕರು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. ಆಮೇಲೆ ದೊಡ್ಡವರು ಅವನ ಚೆಂಡಿನ ಕಡೆ ಬೆರಳು ತೋರಿಸಿ, ಎಷ್ಟೋ ವರ್ಷದ ಸ್ನೇಹಿತನಿಗೆ ಅನ್ನುವ ಹಾಗೆ, "ಎತ್ಕೊಳ್ರೀ," ಅಂದರು. ಅವನು ಎತ್ತಿಕೊಂಡ. ಬೆಳಗಿನಿಂದ ಆ ಒಂದು ಮಾತಿಗಾಗಿಯೇ ಅವನು ಕಾದಿದ್ದ, ಬರೀ ಬೆಳಗಿನಿಂದಲ್ಲ. ಅಲ್ಲಿಂದ ಮುಂದೆ ಅವನ ಒಂದು ಚೆಂಡನ್ನೂ ಅವರು ಕುಳಿಗೆ ಹಾಕಗೊಡಲಿಲ್ಲ.

ಹನ್ನೊಂದರ ಮೀಟಿಂಗಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ಸ್‌ಪೆಕ್ಟರಮ್ಮ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದಳು: ಯಂತ್ರ ಓಡುತ್ತಿಲ್ಲ, ಕ್ರೇಟುಗಳು ಖಾಲಿ, ಬಾಗಿಲಿನ ರಬ್ಬರು ಹರಿದಿದೆ, ಒಳಗೆ ನಿಂತರೆ ಬೆವರು. ಅವಳ ಮಾತು ಮುಗಿಯುವ ತನಕ ದೊಡ್ಡವರು ತಾಳ್ಮೆಯಿಂದ ಕೇಳಿದರು. ತಮ್ಮ ಬಿಳಿ ಎಡಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, "ಇವರೂ ಜೊತೆಗಿದ್ರಲ್ಲಮ್ಮ. ತಣ್ಣಗಿತ್ತು ಅಂತಾರಲ್ಲ. ಅಲ್ವೇನ್ರೀ?" ಅಂದರು. ಎಲ್ಲ ತಲೆಗಳೂ ಅವನತ್ತ ತಿರುಗಿದವು. ಅವಳದ್ದೂ ತಿರುಗಿತು, ಸಂತೋಷದಿಂದ ತಿರುಗಿತು. ಈಗ ಸರ್ ಹೇಳುತ್ತಾರೆ ಎಂಬ ಧೈರ್ಯ ಅವಳ ಮುಖದಲ್ಲಿ ಇನ್ನೂ ಇತ್ತು. ಅವನು ತಲೆಯಾಡಿಸಿದ. ಹೌದು ಎಂದೂ ಇಲ್ಲ ಎಂದೂ ಅರ್ಥ ಬರುವ ಹಾಗೆ ಆಡಿಸಬೇಕೆಂದುಕೊಂಡಿದ್ದ. ಆದರೆ ಅದು ಸ್ಪಷ್ಟವಾಗಿ ಹೌದು ಎಂದೇ ಆಯಿತು. ಅವಳು ತನ್ನ ಬಲ ಅಂಗೈಯನ್ನು ಒಮ್ಮೆ ನೋಡಿಕೊಂಡು ಕೂತಳು. ಸಾಲ ಮಂಜೂರಾಯಿತು. ಅದರ ಬೆನ್ನಿಗೇ ಅವನ ಹೆಸರು ಓದಿದರು, ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

"ನಿಮ್ಮ ವಿಭಾಗ, ಇನ್ನು ನಿಮ್ಮ ತೀರ್ಮಾನ," ಎಂದು ದೊಡ್ಡವರು ಹೊರಗೆ ಬರುವಾಗ ಹೆಗಲ ಮೇಲೆ ಕೈ ಹಾಕಿದರು. "ಆ ಹುಡುಗಿ ಸ್ವಲ್ಪ ದಣಿದಿದ್ದಾಳೆ ಅನ್ಸುತ್ತೆ. ಕೆಳಗೆ ಹಳೇ ಫೈಲುಗಳ ಕಡೆ ಒಬ್ಬರು ಬೇಕಂತೆ." ಊಟದ ಹೊತ್ತಿಗೆ ಅವನು ಅವಳ ವರ್ಗಾವಣೆಗೆ ಸಹಿ ಹಾಕಿದ್ದ. ಹೊಸ ಕುರ್ಚಿಯಲ್ಲಿ ಕೂತು ಮಾಡಿದ ಮೊದಲ ಸಹಿ. ಹೆಂಡತಿಗೆ ಫೋನ್ ಮಾಡಿದ. ಆ ಕಡೆ ಅವಳು ಅತ್ತಳು, ಅಮ್ಮನನ್ನು ಕೂಗಿ ಹೇಳಿದ್ದು ಕೇಳಿಸಿತು, "ಆಯ್ತಂತೆ ಅತ್ತೆ, ಆಯ್ತಂತೆ!" ಅವನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಎಡಗೈಯನ್ನು ಸೋಪು ಹಚ್ಚಿ ತಿಕ್ಕಿದ. ಪಕ್ಕದ ಬೇಸಿನ್ನಿನಲ್ಲಿ ಮುಖ ತೊಳೆಯುತ್ತಿದ್ದ ಅಕೌಂಟ್ಸಿನವನು, "ಪಾರ್ಟಿ ಯಾವಾಗ ಸಾರ್?" ಅಂದ. "ಮಾಡೋಣ," ಅಂದ ಇವನು. ಕೈ ಕೆಂಪಾಯಿತೇ ಹೊರತು ಗೆರೆ ಅಳಿಯಲಿಲ್ಲ. ಬಿಸಿಲಿನ ಬಣ್ಣ ತೊಳೆದರೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಸಂಜೆ ಎಲ್ಲರೂ ಹೊರಟ ಮೇಲೆ ಇನ್ಸ್‌ಪೆಕ್ಟರಮ್ಮ ಅವನ ಹೊಸ ಕೋಣೆಯ ಗಾಜಿನ ಬಾಗಿಲು ತಟ್ಟಿದಳು. ಹೊರಗೆ ಹನಿ ಬೀಳತೊಡಗಿತ್ತು. ಅವಳ ಕೈಯಲ್ಲಿ ಮಡಚಿದ ಉದ್ದ ಕೊಡೆಯಿತ್ತು. ಅವನು ತಟ್ಟನೆ ಎದ್ದು ನಿಂತ. ಬೈಯಲು ಬಂದಿದ್ದಾಳೆ ಅಂದುಕೊಂಡ. ಬೈದುಬಿಡಲಿ ಅನ್ನಿಸಿತು, ಅದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ. ಅವಳು ಚೀಲದಿಂದ ಅವನ ಕರ್ಚೀಫು ತೆಗೆದು ಮೇಜಿನ ಮೇಲಿಟ್ಟಳು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಿಸಿದ್ದು. "ಕೊಡೋದು ಮರ್ತೇ ಹೋಗಿತ್ತು ಸರ್. ನಾಳೆಯಿಂದ ನಾನು ಕೆಳಗೆ ಅಲ್ವಾ, ಅದಕ್ಕೆ." ಸ್ವಲ್ಪ ನಕ್ಕಳು. "ಅಲ್ಲಂತೂ ಏಸಿ ಜಾಸ್ತಿಯಂತೆ. ಬೆವರೋ ಯೋಚನೆ ಇಲ್ಲ." ಅವಳ ನಗುವಿನಲ್ಲಿ ಚುಚ್ಚು ಇದೆಯೇ ಎಂದು ಅವನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ. ಇರಲಿಲ್ಲ.

"ನಿನ್ನನ್ನ ಅಲ್ಲಿಗೆ ಕಳಿಸ್ಬೇಕು ಅಂತ ನನಗೆ..." ಎಂದು ಶುರು ಮಾಡಿದ.

"ಅಯ್ಯೋ ಬಿಡಿ ಸರ್. ಮಧ್ಯಾಹ್ನವೆಲ್ಲ ಕೂತು ಯೋಚನೆ ಮಾಡ್ದೆ. ನಂದೇ ತಪ್ಪು. ಅವತ್ತು ನನಗೆ ಜ್ವರ ಗಿರ ಬಂದಿತ್ತೋ ಏನೋ. ಬೆವರು ಬಂದಿದ್ದು ನನಗೊಬ್ಬಳಿಗೇ, ನಿಮಗೂ ಬಂತು ಅಂದ್ಕೊಂಡ್ಬಿಟ್ಟೆ." ಅವಳು ಕರ್ಚೀಫಿನ ಅಂಚನ್ನು ಬೆರಳಲ್ಲಿ ಸರಿ ಮಾಡಿದಳು. "ನಿಮಗೂ ಶೆಕೆ ಆಗಿದ್ರೆ ಇದನ್ನ ನನಗೆ ಯಾಕೆ ಕೊಡ್ತಿದ್ರಿ? ನೀವೇ ಇಟ್ಕೊಳ್ತಿದ್ರಿ ತಾನೆ? ಅಷ್ಟೂ ಹೊಳೀಲಿಲ್ಲ ನೋಡಿ ನನಗೆ."

ಅಂಗಿಯ ತೋಳು. ಹಸಿಯಾಗಿ ಮೊಣಕೈಗೆ ಅಂಟಿಕೊಂಡಿದ್ದ ಅಂಗಿಯ ತೋಳು. ಕಾರಿನ ಕಿಟಕಿಯಿಂದ ಗಾಳಿ ಬಡಿದು ಅದು ಒಣಗುವಾಗ ಆದ ಹಿತ. ಈಗ ಹೇಳಬಹುದಿತ್ತು. ಬಾಗಿಲು ಮುಚ್ಚಿತ್ತು, ಯಾರೂ ಇರಲಿಲ್ಲ. ಹೇಳಿದರೆ ಅವಳ ಕೆಲಸ ವಾಪಸು ಬರದಿದ್ದರೂ ತನ್ನ ಮೈ ಮೇಲಿನ ನಂಬಿಕೆಯಾದರೂ ಅವಳಿಗೆ ವಾಪಸು ಬರುತ್ತಿತ್ತು. "ನನಗೂ ಬೆವರು ಬಂದಿತ್ತು" ಎಂಬ ಮಾತು ಒಳಗೇ ಉಳಿಯಿತು. "ಹೋಗ್ಲಿ ಬಿಡು," ಅಂದ. "ಎಲ್ಲರಿಗೂ ಆಗುತ್ತೆ."

ಅವಳು ಹೊರಟವಳು ಬಾಗಿಲ ಹತ್ತಿರ ನಿಂತಳು. "ಸರ್, ಒಂದು ಕೇಳ್ತೀನಿ, ನಗಬಾರ್ದು. ನೀವು ಶನಿವಾರ ದೊಡ್ಡವರ ಜೊತೆ ಗಾಲ್ಫ್ ಆಡಿದ್ರಂತೆ, ಎಲ್ಲ ಮಾತಾಡ್ಕೊಳ್ತಿದ್ರು. ನಾನೂ ಕಲೀಲಾ? ನಿಜವಾಗ್ಲೂ ನಮ್ಮಂಥ ಕೆಲಸದಲ್ಲಿ ಅದರಿಂದ ಉಪಯೋಗ ಆಗುತ್ತಾ?"

ಅವನು ಮೇಜಿನ ಮೇಲಿದ್ದ ಕರ್ಚೀಫನ್ನು ನೋಡಿದ. "ಆಗುತ್ತೆ," ಅಂದ.

"ಹಿಡಿಯೋದೇ ಕಷ್ಟವಂತೆ. ಹೇಗೆ, ಹೀಗಾ?" ಅವಳು ಕೊಡೆಯನ್ನು ಕೆಳಮುಖ ಮಾಡಿ, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಕಾಲಗಲಿಸಿ ನಿಂತು ಅವನ ಮುಖ ನೋಡಿದಳು. ಅವನು ಮೇಜು ಬಳಸಿ ಬಂದ. ಅಷ್ಟು ಬಿಗಿ ಬೇಡ ಅಂದ. ಅವಳ ಎಡಗೈಯನ್ನು ಬಿಡಿಸಿ ಮೇಲಕ್ಕಿಟ್ಟ, ಅದರ ಕೆಳಗೆ ಬಲಗೈಯನ್ನು ಕೂಡಿಸಿದ, ಹೆಬ್ಬೆರಳನ್ನು ಸ್ವಲ್ಪ ವಾರೆ ಮಾಡಿದ. ಟ್ಯೂಬ್‌ಲೈಟಿನ ಬೆಳಕು ನೇರವಾಗಿ ಬೀಳುತ್ತಿತ್ತು. ಅವಳ ಎರಡೂ ಕೈಗಳು ಒಂದೇ ಬಣ್ಣದವಾಗಿದ್ದವು.

"ಸರಿಯಾಯ್ತಾ ಸರ್?" ಅಂದಳು.

"ಸರಿಯಾಯ್ತು," ಅಂದು ಅವನು ತನ್ನ ಕೈ ಹಿಂದಕ್ಕೆಳೆದುಕೊಂಡ.